ಸಂತ ಸ್ನಾನಿಕ ಯೊವಾನ್ನರ ಜಯಂತಿ: ನಡುಬೇಸಿಗೆಯ ಬೆಂಕಿ, ಮಳೆಗಾಲದ ಬಾವಿ

ಸಂತರ ಹಬ್ಬವೆಂದರೆ ಸಾಮಾನ್ಯವಾಗಿ ಅವರು ಈ ಲೋಕವನ್ನು ಬಿಟ್ಟು ಸ್ವರ್ಗ ಸೇರಿದ ದಿನ. ಧರ್ಮಸಭೆಯು ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ. ಡಿಸೆಂಬರ್ 25ರಂದು ಯೇಸುಸ್ವಾಮಿಯ ಜನನ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನ, ಜೂನ್ 24ರಂದು ಸ್ನಾನಿಕ ಯೊವಾನ್ನರ ಜನನ. ಮೊದಲನೆಯದು ನಮಗೆ ಕ್ರಿಸ್ಮಸ್. ಎರಡನೆಯದು ಹೂವು, ತೆನೆ, ಹೊಸ ಅಕ್ಕಿಯ ಮೊಂತಿ ಫೆಸ್ತ್. ಮೂರನೆಯದು ನಮ್ಮ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಆರಿದ್ರಾ ಮಳೆಯ ಸದ್ದಿನ ನಡುವೆ ಬೆಳಗಿನ ಬಲಿಪೂಜೆಯೊಂದಿಗೆ ಮುಗಿದುಹೋಗುತ್ತದೆ. ಆದರೆ ಯುರೋಪಿನ ಉದ್ದಗಲಕ್ಕೂ, ನಮ್ಮ ನೆರೆಯ ಗೋವೆಯಲ್ಲಿಯೂ, ಇದು ವರ್ಷದ ಅತ್ಯಂತ ಗದ್ದಲದ ಜನಪದ ಹಬ್ಬಗಳಲ್ಲೊಂದು. ಬೆಂಕಿ ಹಾರುವುದು, ನೀರಿಗೆ ಹಾರುವುದು, ಹೂಮಾಲೆ, ಗಿಡಮೂಲಿಕೆ, ಮದುವೆಯ ಕನಸು ಎಲ್ಲವೂ ಇದರಲ್ಲಿವೆ. ಧರ್ಮಸಭೆಯು ಈ ಆಚರಣೆಗಳನ್ನು ಒಂದು ಕಾಲದಲ್ಲಿ ತಡೆಯಿತು, ಇನ್ನೊಂದು ಕಾಲದಲ್ಲಿ ಆಶೀರ್ವದಿಸಿತು. ಈ ಎರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಇಂದಿಗೂ ಧರ್ಮಕೇಂದ್ರದ ಗುರುಗಳಿಗೆ ಎದುರಾಗುವ ಪ್ರಶ್ನೆ.

ಜೂನ್ 24 ಏಕೆ?

ದೇವದೂತನು ಮರಿಯಮ್ಮನವರಿಗೆ ಮಂಗಳವಾರ್ತೆಯನ್ನು ತಿಳಿಸಿದಾಗ ಎಲಿಜಬೇತಮ್ಮನಿಗೆ ಆಗಲೇ ಆರನೆಯ ತಿಂಗಳು ಎಂದು ಸಂತ ಲೂಕರು ಬರೆದಿದ್ದಾರೆ (ಲೂಕ 1:36). ಆದ್ದರಿಂದ ಯೇಸುವಿನ ಜನನಕ್ಕಿಂತ ಆರು ತಿಂಗಳು ಮೊದಲು ಯೊವಾನ್ನರ ಜನನ. ಹಾಗಾದರೆ ಜೂನ್ 25 ಆಗಬೇಕಿತ್ತಲ್ಲ ಎಂದು ಉಪದೇಶದ ತರಗತಿಯಲ್ಲಿ ಚುರುಕಾದ ಮಕ್ಕಳು ಕೇಳುವುದುಂಟು. ಉತ್ತರ ರೋಮನ್ನರ ಲೆಕ್ಕದಲ್ಲಿದೆ. ಅವರು ದಿನಗಳನ್ನು ಮುಂದಿನ ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸುತ್ತಿದ್ದರು. ಡಿಸೆಂಬರ್ 25 ಎಂದರೆ ಜನವರಿ ಒಂದಕ್ಕೆ ಹಿಂದಿನ ಎಂಟನೆಯ ದಿನ. ಜುಲೈ ಒಂದಕ್ಕೆ ಹಿಂದಿನ ಎಂಟನೆಯ ದಿನ ಜೂನ್ 24, ಏಕೆಂದರೆ ಜೂನ್ ತಿಂಗಳಿಗೆ 30 ದಿನ ಮಾತ್ರ. ಮಂಗಳವಾರ್ತೆಯ ಮಾರ್ಚ್ 25 ಕೂಡ ಏಪ್ರಿಲ್ ಒಂದಕ್ಕೆ ಹಿಂದಿನ ಎಂಟನೆಯ ದಿನವೇ.

ಹಳೆಯ ಜೂಲಿಯನ್ ಪಂಚಾಂಗ ಆರಂಭವಾದ ಕಾಲದಲ್ಲಿ ವರ್ಷದ ಅತಿ ದೀರ್ಘ ಹಗಲು ಸಹ ಈ ದಿನದ ಆಸುಪಾಸಿನಲ್ಲೇ ಬರುತ್ತಿತ್ತು. ಸೂರ್ಯನು ಉತ್ತರದ ತುತ್ತತುದಿಯನ್ನು ಮುಟ್ಟಿ ದಕ್ಷಿಣಕ್ಕೆ ತಿರುಗುವ ಹೊತ್ತು ಅದು. ಈಗ ಅದು ಜೂನ್ 20ರಿಂದ 22ರೊಳಗೆ ಬರುತ್ತದೆ. ಹಬ್ಬ ಮಾತ್ರ 24ರಲ್ಲೇ ಉಳಿದಿದೆ. ಯುರೋಪಿನವರು ಇದನ್ನು ನಡುಬೇಸಿಗೆ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿಳಿಸಿ ಜೂನ್‌ನಲ್ಲಿ ಕೊಡೆ ಬಿಡಿಸುವ ನಮಗೆ ಈ ಹೆಸರು ವಿಚಿತ್ರವಾಗಿ ಕೇಳಿಸುವುದು ಸಹಜ.

ಸಂತ ಅಗಸ್ಟೀನರು ತಮ್ಮ ಪ್ರಬೋಧನೆಗಳಲ್ಲಿ ಈ ಸೂರ್ಯಗತಿಯನ್ನು ಶುಭಸಂದೇಶಕ್ಕೆ ಜೋಡಿಸಿದರು. ಕ್ರಿಸ್ತರು ವೃದ್ಧಿಯಾಗಬೇಕು, ತಾನು ಕುಗ್ಗಬೇಕು ಎಂದು ಯೊವಾನ್ನರು ಹೇಳಿದರಷ್ಟೆ (ಯೊವಾನ್ನ 3:30). ಯೊವಾನ್ನರು ಹುಟ್ಟಿದ ದಿನದಿಂದ ಹಗಲು ಕುಗ್ಗುತ್ತದೆ. ಕ್ರಿಸ್ತರು ಹುಟ್ಟಿದ ದಿನದಿಂದ ಹಗಲು ಬೆಳೆಯುತ್ತದೆ. ಪ್ರಬೋಧನೆಗೆ ಇದಕ್ಕಿಂತ ಒಳ್ಳೆಯ ಉಪಮೆ ಸಿಗುವುದು ಕಷ್ಟ.

ಮೊದಲು ತಡೆ

ಅದೇ ಅಗಸ್ಟೀನರಿಗೆ ಈ ಹಬ್ಬವು ತಲೆನೋವನ್ನೂ ತಂದಿತ್ತು. ಉತ್ತರ ಆಫ್ರಿಕದಲ್ಲಿ ಅವರ ಸಭೆಯ ಕ್ರೈಸ್ತರು ಯೊವಾನ್ನರ ಜಯಂತಿಯಂದು ಸಮುದ್ರಕ್ಕೆ ಹೋಗಿ ತಾವೇ ಸ್ನಾನ ಮಾಡಿಕೊಳ್ಳುತ್ತಿದ್ದರು. ಇದು ಅನ್ಯಧರ್ಮದ ಮೂಢನಂಬಿಕೆ ಎಂದು ಅವರು ತಮ್ಮ ಒಂದು ಕ್ರಿಸ್ಮಸ್ ಪ್ರಬೋಧನೆಯಲ್ಲಿ ಖಂಡಿಸಿದ್ದಾರೆ. ಆ ಪ್ರಬೋಧನೆಯಲ್ಲಿ ಧರ್ಮಕೇಂದ್ರದಲ್ಲಿ ದುಡಿದವರಿಗೆಲ್ಲ ಪರಿಚಿತವೆನಿಸುವ ಒಂದು ಸಂಗತಿಯಿದೆ. ಹಬ್ಬದ ದಿನ ಅಗಸ್ಟೀನರು ಊರಲ್ಲಿರಲಿಲ್ಲ. ಅಲ್ಲಿದ್ದ ಗುರುಗಳು ಕೆಲವರಿಗೆ ಪ್ರಾಯಶ್ಚಿತ್ತ ವಿಧಿಸಿದರು. ಜನ ಗೊಣಗಿದರು: ಮೊದಲೇ ಹೇಳಿದ್ದರೆ ನಾವು ಮಾಡುತ್ತಿರಲಿಲ್ಲವಲ್ಲ ಎಂದು. ಅದಕ್ಕೇ ಅಗಸ್ಟೀನರು ಕ್ರಿಸ್ಮಸ್ ದಿನವೇ, ಮುಂದಿನ ಜೂನ್‌ಗೆ ಆರು ತಿಂಗಳು ಇರುವಾಗಲೇ, ಎಚ್ಚರಿಕೆ ಕೊಟ್ಟರು! ಆರನೆಯ ಶತಮಾನದಲ್ಲಿ ಫ್ರಾನ್ಸಿನ ಆರ್ಲ್ ನಗರದ ಧರ್ಮಾಧ್ಯಕ್ಷ ಸಂತ ಸೆಸಾರಿಯುಸರು ಸಹ ಈ ಹಬ್ಬದ ರಾತ್ರಿ ಅಥವಾ ಮುಂಜಾನೆ ಬುಗ್ಗೆ, ಕೆರೆ, ಹೊಳೆಗಳಲ್ಲಿ ಮೀಯಬೇಡಿ ಎಂದು ಉಪದೇಶಿಸಿದರು.

ಉಪದೇಶ ಎಷ್ಟು ನಾಟಿತು? 1333ರಲ್ಲಿ ಇಟಲಿಯ ಕವಿ ಪೆಟ್ರಾರ್ಕ ಜರ್ಮನಿಯ ಕಲೋನ್ ನಗರಕ್ಕೆ ಬಂದಾಗ ಯೊವಾನ್ನರ ಹಬ್ಬದ ಮುನ್ನಾ ಸಂಜೆ. ಸ್ತ್ರೀಯರು ಗುಂಪುಗುಂಪಾಗಿ ಪರಿಮಳದ ಸೊಪ್ಪುಗಳನ್ನು ಮುಡಿದು, ತೋಳು ಮಡಚಿ, ರೈನ್ ನದಿಯಲ್ಲಿ ಕೈ ತೊಳೆಯುತ್ತಿದ್ದರು. ವಿಚಾರಿಸಿದಾಗ ಬರುವ ವರ್ಷದ ಕಷ್ಟಗಳೆಲ್ಲ ಆ ನೀರಿನಲ್ಲಿ ಹರಿದುಹೋಗುತ್ತವೆ ಎಂಬ ಉತ್ತರ ಸಿಕ್ಕಿತು. ಸೆಸಾರಿಯುಸರು ತೀರಿಹೋಗಿ ಸುಮಾರು ಎಂಟು ಶತಮಾನ ಕಳೆದಿತ್ತು.

ಆಮೇಲೆ ಆಶೀರ್ವಾದ

ಬೆಂಕಿಯ ಕಥೆ ಬೇರೆ. ಜೂನ್ 23ರ ರಾತ್ರಿ ಬೆಟ್ಟದ ಮೇಲೆ, ಚೌಕದಲ್ಲಿ, ಕಡಲ ತೀರದಲ್ಲಿ ದೊಡ್ಡ ಬೆಂಕಿ ಹಾಕುವ ಪದ್ಧತಿಯನ್ನು ಹನ್ನೆರಡನೆಯ ಶತಮಾನದ ದೈವಾರಾಧನಾ ಪಂಡಿತ ಜಾನ್ ಬೆಲೆತ್ ವರ್ಣಿಸಿದ್ದಾರೆ. ಎಲುಬುಗಳನ್ನು ಸುಡುವುದು, ಪಂಜು ಹಿಡಿದು ಹೊಲ ಸುತ್ತುವುದು, ಚಕ್ರ ಉರುಳಿಸುವುದು ಅವರ ಕಾಲದಲ್ಲೇ ರೂಢಿಯಲ್ಲಿದ್ದವು. ಉರುಳುವ ಚಕ್ರವು ತುದಿ ಮುಟ್ಟಿ ಇಳಿಯುವ ಸೂರ್ಯನ ಗುರುತು. ಪಂಜು, ಉರಿದು ಬೆಳಗುವ ದೀಪವೆಂದು ಯೇಸುವೇ ಕರೆದ ಯೊವಾನ್ನರ ಗುರುತು (ಯೊವಾನ್ನ 5:35).

ಈ ಬೆಂಕಿಗೆ ಧರ್ಮಸಭೆ ನೀರು ಹಾಕಲಿಲ್ಲ. ರೋಮನ್ ಸಂಸ್ಕಾರವಿಧಿಯ ಹಳೆಯ ಗ್ರಂಥದಲ್ಲಿ ಯೊವಾನ್ನರ ಜಯಂತಿಯ ಮುನ್ನಾ ದಿನದ ಬೆಂಕಿಯನ್ನು ಆಶೀರ್ವದಿಸುವ ಪ್ರಾರ್ಥನೆಯೇ ಇದೆ. 2001ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ಜನಪದ ಭಕ್ತಿ ಮತ್ತು ದೈವಾರಾಧನೆಯ ಮಾರ್ಗದರ್ಶಿಯೂ ಈ ಬೆಂಕಿಯನ್ನು ಹೆಸರಿಸುತ್ತದೆ. ಇದರ ಹಿಂದೆ ಇನ್ನೂ ಹಳೆಯ ಒಂದು ನಿಲುವಿದೆ. 601ರಲ್ಲಿ ಪೋಪ್ ಮಹಾ ಗ್ರೆಗೊರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮಠಾಧಿಪತಿ ಮೆಲ್ಲಿಟುಸರಿಗೆ ಪತ್ರ ಬರೆದು, ಆ ಜನರ ದೇಗುಲಗಳನ್ನು ಕೆಡವಬೇಡಿ, ಅವರ ಹಬ್ಬದ ಊಟವನ್ನು ಕಿತ್ತುಕೊಳ್ಳಬೇಡಿ, ಅದೇ ಸಂತೋಷವನ್ನು ಸಂತರ ದಿನಗಳಿಗೆ ತಿರುಗಿಸಿರಿ ಎಂದು ಸೂಚಿಸಿದ್ದರು.

ಇಲ್ಲಿ ಒಂದು ಮಾತು. ಇದೆಲ್ಲ ಶುದ್ಧ ಅನ್ಯಧರ್ಮದ ಸೂರ್ಯಾರಾಧನೆ ಎಂದು ಕೆಲವರು ಖಚಿತವಾಗಿ ಹೇಳಿಬಿಡುತ್ತಾರೆ. ಎಲ್ಲವೂ ಬೈಬಲಿನಿಂದಲೇ ಬಂದದ್ದೆಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡೂ ಅವಸರದ ಮಾತು. ಈ ಬೆಂಕಿಯ ವಿವರವಾದ ವರ್ಣನೆಗಳು ನಮಗೆ ಸಿಗುವುದು ಕ್ರೈಸ್ತ ಕಾಲದ ಬರಹಗಳಿಂದ. ಇನ್ನೊಂದೆಡೆ, ಬ್ರೆಜಿಲಿನಲ್ಲಿ ಹೇಳುವ ಕಥೆಯೊಂದರ ಪ್ರಕಾರ ಮಗು ಹುಟ್ಟಿದ ಸುದ್ದಿಯನ್ನು ದೂರದ ಮರಿಯಮ್ಮನವರಿಗೆ ತಿಳಿಸಲು ಎಲಿಜಬೇತಮ್ಮ ಬೆಟ್ಟದ ಮೇಲೆ ಬೆಂಕಿ ಹಾಕಿಸಿದರು. ಮುದ್ದಾದ ಕಥೆ, ಆದರೆ ಶುಭಸಂದೇಶದಲ್ಲಿ ಇಲ್ಲ.

ಆಶೀರ್ವಾದ ಸಿಕ್ಕಿತೆಂದು ಎಲ್ಲವೂ ಒಳ್ಳೆಯದಾಗಿತ್ತೆಂದಲ್ಲ. ಪ್ಯಾರಿಸಿನ ಗ್ರೆವ್ ಚೌಕದಲ್ಲಿ ರಾಜರ ಸಮ್ಮುಖದಲ್ಲಿ ಉರಿಯುತ್ತಿದ್ದ ಯೊವಾನ್ನರ ಬೆಂಕಿಗೆ ಜೀವಂತ ಬೆಕ್ಕುಗಳನ್ನು ಚೀಲದಲ್ಲಿ ತುಂಬಿ ಹಾಕುತ್ತಿದ್ದರು. ಡೆನ್ಮಾರ್ಕಿನಲ್ಲಿ ಇಂದಿಗೂ ಬೆಂಕಿಯ ಮೇಲೆ ಹುಲ್ಲಿನ ಮಾಟಗಾತಿಯನ್ನು ಕೂರಿಸಿ ಸುಡುತ್ತಾರೆ. ಪ್ರಾಚೀನವೆಂದು ಕಾಣುವ ಈ ಪದ್ಧತಿ ಹರಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ನಿಜವಾದ ಹೆಂಗಸರನ್ನು ಮಾಟಗಾತಿಯರೆಂದು ಸುಟ್ಟ ನಾಡಿನಲ್ಲಿ ಅದನ್ನು ಆಟವಾಗಿ ಮಾಡುವುದು ಬೇಡವೆನ್ನುವವರು ಅಲ್ಲಿಯೂ ಇದ್ದಾರೆ. ಅವರ ಮಾತು ಸರಿಯೆಂದು ನಮಗನಿಸುತ್ತದೆ.

ದೇಶದಿಂದ ದೇಶಕ್ಕೆ

ಉತ್ತರದಲ್ಲಿ ಸ್ವೀಡನ್ನಿನವರು ಎಲೆ, ಹೂಗಳಿಂದ ಸುತ್ತಿದ ಎತ್ತರದ ಕಂಬವನ್ನು ನೆಟ್ಟು ಅದರ ಸುತ್ತ ಕುಣಿಯುತ್ತಾರೆ. ಉಪ್ಪಿನಲ್ಲಿ ಊರಿಟ್ಟ ಹೆರಿಂಗ್ ಮೀನು, ಎಳೆಯ ಆಲೂಗಡ್ಡೆ, ಸ್ಟ್ರಾಬೆರಿ ಅಂದಿನ ಊಟ. 1953ರಿಂದ ಅಲ್ಲಿ ಹಬ್ಬದ ಮುನ್ನಾ ದಿನವನ್ನು ಶುಕ್ರವಾರಕ್ಕೆ ನಿಗದಿಮಾಡಿದ್ದಾರೆ. ಮದುವೆಯಾಗದ ಹುಡುಗಿ ಮಾತಾಡದೆ ಏಳು ಬಗೆಯ ಹೂ ಕಿತ್ತು ತಲೆದಿಂಬಿನಡಿ ಇಟ್ಟರೆ ಬರುವ ಗಂಡ ಕನಸಿನಲ್ಲಿ ಕಾಣುತ್ತಾನೆಂಬುದು ಅಲ್ಲಿನ ನಂಬಿಕೆ. ಫಿನ್ಲೆಂಡಿನಲ್ಲಿ ಹಬ್ಬದ ಹೆಸರೇ ಯುಹಾನ್ನುಸ್, ಅಂದರೆ ಯೊವಾನ್ನ. ಕೆರೆಯ ದಡದಲ್ಲಿ ಬೆಂಕಿ, ಬಾಗಿಲ ಎರಡೂ ಬದಿಗೆ ಬರ್ಚ್ ಮರದ ಕೊಂಬೆ. ಆ ವಾರಾಂತ್ಯದಲ್ಲಿ ಕುಡಿದು ದೋಣಿಯಿಂದ ನೀರಿಗೆ ಬಿದ್ದು ಸತ್ತವರ ಸುದ್ದಿ ಅಲ್ಲಿನ ಪತ್ರಿಕೆಗಳಿಗೆ ಹೊಸದಲ್ಲ.

ಲಾಟ್ವಿಯಾದಲ್ಲಿ ಯಾನಿಸ್ ಎಂಬ ಹೆಸರಿನ ಗಂಡಸರೆಲ್ಲರಿಗೂ ಅಂದು ಓಕ್ ಎಲೆಯ ಕಿರೀಟ, ಮನೆಯಲ್ಲಿ ಜೀರಿಗೆಯಂಥ ಕ್ಯಾರವೇ ಬೀಜ ಬೆರೆಸಿದ ಗಿಣ್ಣು. ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್, ಉಕ್ರೇನ್ ಕಡೆಗಳಲ್ಲಿ ಯುವಜನರು ಆ ರಾತ್ರಿ ಜರೀಗಿಡದ ಹೂ ಹುಡುಕಲು ಕಾಡಿಗೆ ಹೋಗುತ್ತಾರೆ. ಜರೀಗಿಡ ಹೂ ಬಿಡುವುದೇ ಇಲ್ಲ. ಆ ಒಂದು ರಾತ್ರಿ ಬಿಡುತ್ತದೆ, ಕಂಡವನಿಗೆ ನಿಧಿ ಸಿಗುತ್ತದೆ ಎಂದು ಕಥೆ. ಹುಡುಗ ಹುಡುಗಿ ಜೊತೆಯಾಗಿ ಕಾಡಿಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕೆ ಎಂದು ಹಿರಿಯರು ನಕ್ಕಿರಲೂಬಹುದು.

ಸ್ಪೇನಿನ ಸಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಜನರು ಕೆಂಡದ ಮೇಲೆ ಬರಿಗಾಲಲ್ಲಿ, ಬೆನ್ನ ಮೇಲೆ ಇನ್ನೊಬ್ಬರನ್ನು ಹೊತ್ತು ನಡೆಯುತ್ತಾರೆ. ಪಿರೆನೀಸ್ ಬೆಟ್ಟಗಳ ಊರುಗಳಲ್ಲಿ ಪಂಜು ಹಿಡಿದು ಬೆಟ್ಟವಿಳಿಯುವ ಹಬ್ಬವನ್ನು 2015ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಫಿಲಿಪ್ಪೀನ್ಸಿನ ನುಯೆವಾ ಎಸಿಹಾ ಪ್ರಾಂತದ ಬಿಬಿಕ್ಲಾಟ್ ಎಂಬಲ್ಲಿ ಭಕ್ತರು ಮೈತುಂಬ ಕೆಸರು ಬಳಿದು, ಒಣಗಿದ ಬಾಳೆ ಎಲೆ ಹೊದ್ದು, ಮರುಭೂಮಿಯ ಯೊವಾನ್ನರಂತೆ ದೇವಾಲಯಕ್ಕೆ ನಡೆದು ಬರುತ್ತಾರೆ. ಅದೇ ದೇಶದ ಸಾನ್ ಹ್ವಾನ್ ನಗರದಲ್ಲಿ ದಾರಿಹೋಕರ ಮೇಲೆ ನೀರೆರಚುವುದು ರೂಢಿ. 2024ರಲ್ಲಿ ಕೆಲಸಕ್ಕೆ ಹೊರಟವರನ್ನೂ ಬಿಡದೆ ತೋಯಿಸಿ ದೊಡ್ಡ ಗಲಾಟೆಯಾದ ಮೇಲೆ, 2025ರಲ್ಲಿ ನಗರಾಡಳಿತವು ನೀರಾಟಕ್ಕೆ ಒಂದು ರಸ್ತೆಯನ್ನು ಗೊತ್ತುಮಾಡಿತು.

ಗಿಡಮೂಲಿಕೆಗಳಲ್ಲಿ ಮುಖ್ಯವಾದದ್ದು ಸಂತ ಯೊವಾನ್ನರ ಗಿಡವೆಂದೇ ಹೆಸರಾದ ಹಳದಿ ಹೂವಿನ ಹೈಪೆರಿಕಮ್. ಈ ಹಬ್ಬದ ಹೊತ್ತಿಗೇ ಅರಳುತ್ತದೆ. ಮೊಗ್ಗನ್ನು ಹಿಸುಕಿದರೆ ಕೆಂಪು ರಸ ಬರುತ್ತದೆ. ಅದು ಶಿರಚ್ಛೇದಕ್ಕೊಳಗಾದ ಯೊವಾನ್ನರ ರಕ್ತವೆಂದು ಜನರು ಕಂಡರು. ಇಂದು ಇದರ ಮಾತ್ರೆಗಳು ಮನಸ್ಸಿನ ಖಿನ್ನತೆಗೆಂದು ಮಾರಾಟದಲ್ಲಿವೆ. ರಕ್ತ ತಿಳಿಮಾಡುವ ಔಷಧಿ ಸೇರಿದಂತೆ ಹಲವು ಮದ್ದುಗಳ ಪರಿಣಾಮವನ್ನು ಇದು ಕೆಡಿಸುವುದರಿಂದ ವೈದ್ಯರನ್ನು ಕೇಳದೆ ಯಾರೂ ಸೇವಿಸಬಾರದು.

ಗಾಯನ ಮಂಡಳಿಯವರಿಗೂ ಈ ಹಬ್ಬದಲ್ಲಿ ಪಾಲಿದೆ. ಹನ್ನೊಂದನೆಯ ಶತಮಾನದ ಸನ್ಯಾಸಿ, ಅರೆಝೊದ ಗೀದೊ, ಈ ಹಬ್ಬದ ಸಂಧ್ಯಾಪ್ರಾರ್ಥನೆಯ ಲತೀನ್ ಗೀತೆಯ ಸಾಲುಗಳ ಮೊದಲಕ್ಷರಗಳಿಂದಲೇ ಸ್ವರಗಳಿಗೆ ಹೆಸರಿಟ್ಟರು. ಇಂದು ದೊ, ರೆ, ಮಿ ಎಂದು ಕಲಿಯುವ ಪ್ರತಿ ಮಗುವೂ ತಿಳಿಯದೆಯೇ ಯೊವಾನ್ನರ ಹಬ್ಬದ ಹಾಡಿನ ಅಕ್ಷರಗಳನ್ನು ಉಚ್ಚರಿಸುತ್ತಿದೆ. ದೊ ಮಾತ್ರ ಆಮೇಲೆ ಬಂದದ್ದು. ಗೀದೊ ಇಟ್ಟ ಹೆಸರು ಉತ್.

ಪೋರ್ಚುಗಲ್ಲಿನಿಂದ ಗೋವೆಗೆ

ಪೋರ್ಚುಗೀಸರಿಗೆ ಜೂನ್ ತಿಂಗಳು ಪೂರ್ತಿ ಸಂತರ ಹಬ್ಬ: 13ಕ್ಕೆ ಸಂತ ಅಂತೋನಿ, 24ಕ್ಕೆ ಸಂತ ಯೊವಾನ್ನ, 29ಕ್ಕೆ ಸಂತ ಪೇತ್ರ. ಪೋರ್ತೊ ನಗರದಲ್ಲಿ 23ರ ರಾತ್ರಿ ಇಡೀ ಊರು ಬೀದಿಯಲ್ಲಿರುತ್ತದೆ. ಸುಟ್ಟ ಬೂತಾಯಿ, ತುಳಸಿ ಜಾತಿಯ ಪುಟ್ಟ ಗಿಡದ ಕುಂಡ, ಆಕಾಶಕ್ಕೆ ಬಿಡುವ ಕಾಗದದ ಬುರುಡೆದೀಪ, ದೌರೊ ನದಿಯ ಮೇಲೆ ಬಾಣಬಿರುಸು. ಹಿಂದೆ ಬೆಳ್ಳುಳ್ಳಿ ಜಾತಿಯ ಗಿಡದ ಹೂಗೊಂಡೆಯಿಂದ ದಾರಿಹೋಕರ ತಲೆ ಮುಟ್ಟುತ್ತಿದ್ದರು. 1960ರ ದಶಕದಿಂದ ಕೀಂಯ್‌ಗುಡುವ ಪ್ಲಾಸ್ಟಿಕ್ ಸುತ್ತಿಗೆಯಿಂದ ತಲೆಗೆ ಮೆಲ್ಲಗೆ ಹೊಡೆಯುವುದು ಹೆಚ್ಚಾಗಿದೆ. ಯಾರೂ ಸಿಟ್ಟಾಗುವುದಿಲ್ಲ.

1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ಈ ಹಬ್ಬವೂ ಹಡಗು ಹತ್ತಿ ಬಂದಿತು. ಆದರೆ ಜೂನ್ 23ರ ರಾತ್ರಿ ಗೋವೆಯಲ್ಲಿ ಬೆಟ್ಟದ ಮೇಲೆ ಬೆಂಕಿ ಹಾಕಿ ನೋಡಿರಿ! ಜಡಿಮಳೆ. ಒಣ ಕಟ್ಟಿಗೆ ಅಡುಗೆಮನೆಗೇ ಸಾಲದು. ಬಾವಿ ಮಾತ್ರ ಕೈಗೆಟುಕುವಷ್ಟು ತುಂಬಿರುತ್ತದೆ. ಬೆಂಕಿಯ ಹಬ್ಬ ಇಲ್ಲಿ ನೀರಿನ ಹಬ್ಬವಾಯಿತು. ಸಾಂವ್ ಜುವಾಂವ್ ದಿನ ತಲೆಗೆ ಹೂ, ಎಲೆ, ಹಣ್ಣುಗಳ ಕೊಪೆಲ್ ಧರಿಸಿ, ಘುಮಟ್ ಮತ್ತು ಕಾಂಸಾಳೆ ಬಾರಿಸುತ್ತ, ಮನೆಯಿಂದ ಮನೆಗೆ ಹೋಗಿ, ವೀವಾ ಎಂದು ಕೂಗಿ ಬಾವಿಗೆ ಹಾರುತ್ತಾರೆ. ಹೊಸದಾಗಿ ಮದುವೆಯಾದ ಅಳಿಯನಿಗೆ ಅಂದು ಅತ್ತೆಯ ಮನೆಯಲ್ಲಿ ವಿಶೇಷ ಕರೆ; ಅವನು ಹೆಂಡತಿಯ ಊರಿನ ಹುಡುಗರೊಂದಿಗೆ ಬಾವಿಗೆ ಹಾರಲೇಬೇಕು. ಆ ವರ್ಷ ಮಗು ಹುಟ್ಟಿದ ಮನೆಯಲ್ಲಿ ಹಣ್ಣು, ಪಾನೀಯ ಹಂಚುತ್ತಾರೆ.

ಈ ಹಾರುವಿಕೆಗೆ ಗೋವೆಯ ಜನರು ಕೊಡುವ ಅರ್ಥ ಶುಭಸಂದೇಶದ್ದೇ. ಮರಿಯಮ್ಮನವರ ವಂದನೆ ಕೇಳಿ ಎಲಿಜಬೇತಮ್ಮನ ಗರ್ಭದಲ್ಲಿದ್ದ ಶಿಶು ನಲಿದಾಡಿತು (ಲೂಕ 1:41). ಬಾವಿಯೇ ಗರ್ಭ, ಹಾರುವುದೇ ಆ ಶಿಶುವಿನ ಜಿಗಿತ. ಜೊತೆಗೆ ಜೋರ್ದಾನ್ ನದಿಯ ಸ್ನಾನದ ನೆನಪು. ಅಗಸ್ಟೀನರು ಯಾವ ಸ್ನಾನವನ್ನು ತಡೆದರೋ ಅದರಂಥದ್ದೇ ಇನ್ನೊಂದು ಸ್ನಾನ, ಸಾವಿರ ವರ್ಷಕ್ಕೂ ಮೀರಿ ಕಳೆದ ಮೇಲೆ, ಬೇರೆ ಸಮುದ್ರದ ದಡದಲ್ಲಿ, ಸಂತ ಲೂಕರ ಪುಟವನ್ನು ಕೈಯಲ್ಲಿ ಹಿಡಿದು ಬಂದು ನಿಂತಿತು. ಗೋವೆಯ ಜನರು ಇದನ್ನು ದೀಕ್ಷಾಸ್ನಾನಕ್ಕೆ ಬದಲಿಯೆಂದು ತಿಳಿಯಲಿಲ್ಲ. ಇದರಿಂದ ಕಷ್ಟ ಕಳೆಯುತ್ತದೆಂಬ ಮಾಟವನ್ನೂ ಕಟ್ಟಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಬಾರ್ದೇಸಿನ ಶಿಯೊಲಿಯಲ್ಲಿ ಅಲಂಕರಿಸಿದ ದೋಣಿಗಳು ಸುತ್ತಲಿನ ವಾಡೆಗಳಿಂದ ಹೊಳೆಯ ದಾರಿಯಲ್ಲಿ ಬಂದು ಸಂತ ಅಂತೋನಿಯವರ ದೇವಾಲಯದ ಬಳಿ ಸೇರುವ ಪದ್ಧತಿ ಒಂದೂವರೆ ಶತಮಾನಕ್ಕೂ ಹಳೆಯದು. ಐದು ದಿನಗಳ ನಂತರ, 29ರಂದು, ಮೀನುಗಾರರು ದೋಣಿಗಳನ್ನು ಜೋಡಿಸಿ ಕಟ್ಟಿ ಸಾಂಗೊಡ್ ಆಚರಿಸುತ್ತಾರೆ. ಘುಮಟ್‌ಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯ್ದೆಯಿಂದ ಅದು ನಿಂತು ಮೇಕೆ ಚರ್ಮ ಬಂದಿದೆ. 2019ರಲ್ಲಿ ಗೋವೆ ಸರಕಾರ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಗೋವೆಯಿಂದ ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ದಕ್ಷಿಣಕ್ಕೆ ಬಂದು ನೆಲೆಸಿದ ನಮ್ಮ ಹಿರಿಯರು ಗುಮಟವನ್ನು ತಂದರು. ಹೂವಿನ ಸಂಭ್ರಮವನ್ನು ಮೊಂತಿ ಫೆಸ್ತ್‌ಗೆ ಕೊಟ್ಟರು.

ಈಗಿನ ಚಿಂತೆ

ಗೋವೆಯಲ್ಲಿ ಈಗ ಮನೆಯ ಬಾವಿಗಳು ಕಡಿಮೆಯಾಗುತ್ತಿವೆ. ಹೋಟೆಲುಗಳ ಈಜುಕೊಳದಲ್ಲಿ ಟಿಕೆಟು ಇಟ್ಟು ಹಬ್ಬ ನಡೆಸುವವರು ಹೆಚ್ಚಾಗಿದ್ದಾರೆ. ಅಲ್ಲಿ ಕೊಪೆಲ್ ಇದೆ, ಫೆನಿ ಇದೆ. ಹೊಸ ಅಳಿಯನೂ ಇಲ್ಲ, ಮಗು ಹುಟ್ಟಿದ ಮನೆಯೂ ಇಲ್ಲ. ಇದಕ್ಕಿಂತ ದೊಡ್ಡ ಚಿಂತೆ ಪ್ರಾಣದ್ದು. ಮಳೆಗಾಲದ ಬಾವಿಯ ಆಳ, ಒಳಗಿನ ಕಲ್ಲು ಹೊರಗಿನಿಂದ ಬಂದವನಿಗೆ ಗೊತ್ತಿರುವುದಿಲ್ಲ. ಕುಡಿದವನಿಗೆ ಈಜು ಬಂದರೂ ಬಾರದಂತೆಯೇ.

ನಮ್ಮ ಧರ್ಮಪ್ರಾಂತ್ಯದ ಯುವಜನ ಸಂಘಟನೆಗಳು ಗೋವೆಯ ಈ ಆಚರಣೆಯನ್ನು ಇಲ್ಲಿಯೂ ತರಲು ಇಚ್ಛಿಸುವುದಾದರೆ ಕೊಪೆಲ್, ಗುಮಟ, ಮನೆ ಭೇಟಿ, ಹಣ್ಣು ಹಂಚುವುದು ಇವೆಲ್ಲ ಸ್ವಾಗತಾರ್ಹ. ಆ ವರ್ಷ ದೀಕ್ಷಾಸ್ನಾನ ಪಡೆದ ಶಿಶುಗಳ ಮನೆಗಳಿಗೆ ಹೋಗುವುದು ಇನ್ನೂ ಒಳ್ಳೆಯದು. ಬಾವಿಗೆ ಹಾರುವುದಾದರೆ ಹಗಲಿನಲ್ಲಿ, ಆಳ ತಿಳಿದ ಬಾವಿಯಲ್ಲಿ, ಹಗ್ಗ ಮತ್ತು ಈಜು ಬಲ್ಲವರು ಮೇಲೆ ನಿಂತಿರುವಾಗ, ಒಬ್ಬೊಬ್ಬರಾಗಿ. ಮದ್ಯ ಸೇವಿಸಿದವರನ್ನು ಕಟ್ಟೆಯ ಬಳಿಗೂ ಬಿಡಬಾರದು. ಇದನ್ನು ಹಬ್ಬದ ಸಂಜೆಯಲ್ಲ, ಕೆಲವು ಭಾನುವಾರ ಮೊದಲೇ ಪ್ರಕಟಣೆಯಲ್ಲಿ ತಿಳಿಸಬೇಕು. ಹಿಪ್ಪೊ ನಗರದ ಜನರು ಗೊಣಗಿದ್ದನ್ನು ಮೇಲೆ ನೋಡಿದೆವು.

ಪೂಜಾವಿಧಿಯ ಕುರಿತು: ಇದು ಮಹೋತ್ಸವ, ಬಿಳಿ ವಸ್ತ್ರ. 23ರ ಸಂಜೆಯ ಜಾಗರಣೆ ಬಲಿಪೂಜೆಗೆ ಪ್ರತ್ಯೇಕ ವಾಚನಗಳಿವೆ: ಯೆರೆಮೀಯ 1:4-10, 1 ಪೇತ್ರ 1:8-12, ಲೂಕ 1:5-17. ಹಬ್ಬದ ದಿನ ಯೆಶಾಯ 49:1-6. ಪ್ರೇಷಿತರ ಕಾರ್ಯಕಲಾಪ 13:22-26. ಲೂಕ 1:57-66, 80. ಜೂನ್ 24 ಭಾನುವಾರ ಬಂದರೂ ಸಾಧಾರಣ ಕಾಲದ ಭಾನುವಾರದ ಪೂಜೆಯ ಬದಲಿಗೆ ಈ ಹಬ್ಬದ ಪೂಜೆಯನ್ನೇ ಅರ್ಪಿಸಬೇಕು. ಯೇಸುವಿನ ಪವಿತ್ರ ಹೃದಯದ ಮಹೋತ್ಸವ ಅದೇ ದಿನ ಬಿದ್ದರೆ ದಿನ ಬದಲಾಗುತ್ತದೆ. 2022ರಲ್ಲಿ ಹಾಗೆ ಆದಾಗ ಯೊವಾನ್ನರ ಜಯಂತಿಯನ್ನು ಜೂನ್ 23ಕ್ಕೆ ಆಚರಿಸಲಾಯಿತು.